ಕಾಲುವೆ ಹಿಡಿದು ಮೇಲಕ್ಕೆ ಹೋದಾಗ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದೂ ಆಗಲೇ. ನಮ್ಮ ಬಡಾವಣೆಯಲ್ಲೂ ಬೆಳಗಾದರೆ ಟ್ಯಾಂಕರ್‌ದೇ ಮಾತು. ಆದರೆ ಬೀದಿಯ ಕೊನೆಯಲ್ಲಿರುವ ಕೆರೆಯಲ್ಲಿ ಮಾತ್ರ ನೀರು ಇಳಿದಿರಲಿಲ್ಲ.

ಮಳೆ ಬಂದು ತಿಂಗಳುಗಳೇ ಆಗಿದ್ದವು. ಹಾಗಿದ್ದೂ ಕೆರೆ ತುಂಬಿದೆ ಅಂದ್ರೆ ಆ ನೀರು ಎಲ್ಲಿಂದ ಬರ್ತಾ ಇದೆ? ಮೂಗಿಗೆ ಉತ್ತರ ಗೊತ್ತಿತ್ತು. ಅದು ನಮ್ಮ ಬಚ್ಚಲು, ಅಡುಗೆಮನೆ, ಶೌಚಾಲಯಗಳ ನೀರು.

ನಮ್ಮದು ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಕೆರೆ. ಹೆಸರಾಂತ ಕೆರೆಯೇನಲ್ಲ. ಏರಿ ಮೇಲೆ ನಿಧಾನಕ್ಕೆ ಒಂದು ಸುತ್ತು ಹಾಕಿದರೆ ಕಾಲು ಗಂಟೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ ಬರುತ್ತವೆ. ಜೊಂಡಿನ ಮಧ್ಯೆ ನೇರಳೆ ಜಂಬುಕೋಳಿಯ ಸಂಸಾರಗಳೂ ಇವೆ. ನಾನು ಇಲ್ಲೇ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬಡಾವಣೆಯ ಕೆಲವರು ಸೇರಿ ಭಾನುವಾರ ಕೆರೆ ಸ್ವಚ್ಛ ಮಾಡೋಣ ಅಂದಾಗ ನಾನೂ ಹೊರಟೆ.

ಮೊದಲ ವಾರಗಳು ಎಲ್ಲ ಕಡೆ ಆಗುವ ಹಾಗೇ ಆದವು. ಪ್ಲಾಸ್ಟಿಕ್ ಕವರ್, ಹಾಲಿನ ಪ್ಯಾಕೆಟ್, ದೇವರ ಹಳೇ ಫೋಟೋ, ಥರ್ಮೋಕೋಲ್, ಕೋಳಿ ಅಂಗಡಿಯ ಪುಕ್ಕದ ಮೂಟೆ. ಮೂಟೆ ಕಟ್ಟಿ ಏರಿ ಮೇಲೆ ಇಟ್ಟರೆ ಪೌರಕಾರ್ಮಿಕರು ಆಟೋ ತಂದು ಒಯ್ಯುತ್ತಿದ್ದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಳಚೆ ಸೇರುವ ಕೆರೆಗೆ ಇಳಿಯುವವರು ಗಮ್‌ಬೂಟು, ದಪ್ಪ ಕೈಗವಸು ಇಲ್ಲದೆ ಇಳಿಯಬಾರದು. ಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಆ ದಿನ ದಡದಲ್ಲೇ ಇರಬೇಕು. ಇಲಿಜ್ವರ ತರುವ ರೋಗಾಣು ಇಂಥ ನೀರಿನಿಂದ ಹೆಚ್ಚಾಗಿ ಗಾಯದ ಮೂಲಕ ಮೈಗೆ ಸೇರುತ್ತದೆ. ಮಕ್ಕಳನ್ನು ನಾವು ನೀರಿಗೆ ಇಳಿಸಲೇ ಇಲ್ಲ.

ಕಸ ಕಡಿಮೆ ಆಯ್ತು. ದಡ ಚೆನ್ನಾಗಿ ಕಾಣತೊಡಗಿತು. ನೀರು ಮಾತ್ರ ಹಾಗೇ ಇತ್ತು. ಕಡುಹಸಿರು, ಸಂಜೆಯಾದರೆ ನಾತ.

ಆಮೇಲೆ ಬೇಸಿಗೆಯ ಮೊದಲ ಜೋರು ಮಳೆ ಸುರಿಯಿತು. ಮರುದಿನ ಬೆಳಗಿನ ಜಾವ ಮೀನು ಹಿಡಿಯುವ ಅಣ್ಣ ಫೋನ್ ಮಾಡಿದರು. "ಮೇಡಂ, ಮೀನು ಬಾಯಿ ಮೇಲೆ ಮಾಡ್ತಾ ಇದಾವೆ, ಬೇಗ ಬನ್ನಿ." ಹೋಗಿ ನೋಡಿದರೆ ಕೆರೆಯ ತುಂಬ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಕಾಟ್ಲಾ, ರೋಹು ಸತ್ತು ದಡಕ್ಕೆ ಬಂದವು. ಗಟ್ಟಿ ಜಾತಿಯ ಜಿಲೇಬಿ ಮೀನೂ ಉಳಿಯಲಿಲ್ಲ. ಯಾರೋ ವಿಷ ಹಾಕಿದ್ದಾರೆ ಅಂತ ಕೆಲವರು ಅಂದರು. ಅಣ್ಣ ತಲೆಯಾಡಿಸಿದರು. "ವಿಷ ಅಲ್ಲ ಮೇಡಂ. ಉಸಿರು ಕಟ್ಟಿದೆ. ಮೊದಲ ಮಳೆಗೆ ಹಿಂಗೇ ಆಗೋದು."

ಅವರ ಮಾತು ನೂರಕ್ಕೆ ನೂರು ಸರಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಿದ್ದು ಹಲವರಿಗೆ ನೆನಪಿರಬಹುದು. ಕೊಳಚೆ ತುಂಬಿದ ಕೆರೆಯಲ್ಲಿ ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಇದರ ಮೇಲೆ ಮೊದಲ ಮಳೆ ಬಂದರೆ ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳಕೆಲ್ಲ ಒಂದೇ ಏಟಿಗೆ ಕೆರೆಗೆ ಬರುತ್ತದೆ. ತಳದ ಹೂಳೂ ಕದಡುತ್ತದೆ. ಒಂದೇ ರಾತ್ರಿಯಲ್ಲಿ ಆಮ್ಲಜನಕ ಖಾಲಿ.

ಆ ದಿನ ಸತ್ತ ಮೀನುಗಳನ್ನು ಹೆಕ್ಕಿ ಮುಗಿಸಿದ ಮೇಲೆ ನಾವು ಏರಿ ಮೇಲೆಯೇ ಕೂತು ಮಾತಾಡಿದೆವು. ಇನ್ನು ಮೇಲೆ ನೀರನ್ನು ಅಳೆಯಬೇಕು ಅಂತ ತೀರ್ಮಾನ ಆಯ್ತು.

ಅಳೆಯೋದು ಅಂದ ತಕ್ಷಣ ಜನ ದೊಡ್ಡ ಲ್ಯಾಬು, ದೊಡ್ಡ ಖರ್ಚು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕರಗಿದ ಆಮ್ಲಜನಕ ನೋಡುವ ಕಿಟ್ ಸಿಗುತ್ತದೆ. ಗಾಳಿಗುಳ್ಳೆ ಒಂದೂ ಇಲ್ಲದಂತೆ ಬಾಟಲಿ ತುಂಬಬೇಕು, ಅದೇ ಮುಖ್ಯ. ನಂತರ ಮ್ಯಾಂಗನೀಸ್ ಸಲ್ಫೇಟು, ಕ್ಷಾರ ಬೆರೆಸಿದ ಅಯೋಡೈಡು ಹಾಕಬೇಕು. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೆಳಗೆ ಇಳಿಯುತ್ತದೆ. ಇಲ್ಲವೇ ಇಲ್ಲ ಅಂದ್ರೆ ಗಸಿ ಬೆಳ್ಳಗೇ ಇರುತ್ತದೆ. ನಿಖರವಾದ ಲೆಕ್ಕ ಆಮೇಲೆ, ಆಮ್ಲ ಹಾಕಿ ಹನಿ ಹನಿಯಾಗಿ ಥಯೋಸಲ್ಫೇಟ್ ಬಿಟ್ಟು ತೆಗೆಯಬೇಕು. ಆದರೆ ಆ ಬಣ್ಣವೇ ಅರ್ಧ ಕಥೆ ಹೇಳಿಬಿಡುತ್ತದೆ. ಕಾಲುವೆ ಕೆರೆಗೆ ಸೇರುವ ಜಾಗದ ನೀರಿನಲ್ಲಿ ಬೆಳ್ಳನೆ ಗಸಿ ಕಂಡಾಗ ನನ್ನ ಪಕ್ಕದಲ್ಲಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದು ಸತ್ತ ನೀರಾ ಮೇಡಂ?" ಅಂದರು. ಹೌದು ಅಂದೆ.

ನೀರು ಎಷ್ಟು ತಿಳಿಯಾಗಿದೆ ಅಂತ ನೋಡುವುದು ಇನ್ನೂ ಸುಲಭ. ಇಪ್ಪತ್ತು ಸೆಂಟಿಮೀಟರ್ ಅಗಲದ ತಗಡಿನ ತಟ್ಟೆಗೆ ಕಪ್ಪು, ಬಿಳಿ ಬಣ್ಣ ಬಳಿದು ಹಗ್ಗ ಕಟ್ಟಿ ತೆಪ್ಪದಿಂದ ಇಳಿಸುತ್ತೇವೆ. ಯಾವ ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೋ ಅದೇ ಅಳತೆ. ನಮ್ಮ ತಟ್ಟೆ ಒಂದು ಗೇಣು ಇಳಿಯುವಷ್ಟರಲ್ಲಿ ಮಾಯ ಆಗುತ್ತಿತ್ತು.

ಆಮ್ಲಜನಕ ಅಳೆಯುವ ಹೊತ್ತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಬೇರೆ ಕೆರೆಯವರು ತೋರಿಸುವ ಅಂಕಿಗಳಲ್ಲಿ ಇದೇ ತಪ್ಪಿಹೋಗಿರುತ್ತದೆ. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಅಳತೆ ಅತ್ಯಂತ ಕಡಿಮೆ, ಮಧ್ಯಾಹ್ನ ಮೂರರ ಹೊತ್ತಿಗೆ ಅತ್ಯಂತ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಹಾಗಾಗಿ ಇಲ್ಲಿ 25 ಡಿಗ್ರಿಯ ಶುದ್ಧ ನೀರಿನಲ್ಲೂ ಲೀಟರಿಗೆ ಏಳೂವರೆ ಮಿಲಿಗ್ರಾಂ ಹತ್ತಿರ ಬಂದರೆ ಅದೇ ತುಂಬಿದ ಲೆಕ್ಕ. ನಮ್ಮ ಕೆರೆಯ ಮಧ್ಯಾಹ್ನದ ಅಳತೆ ಹತ್ತು ದಾಟಿತ್ತು! ಕೆಲವರಿಗೆ ಖುಷಿಯೋ ಖುಷಿ. ಅದು ಆರೋಗ್ಯವಲ್ಲ, ಪಾಚಿ ವಿಪರೀತ ಆಗಿರುವ ಗುರುತು ಅಂತ ತಿಳಿಸಿ ಹೇಳಬೇಕಾಯ್ತು. ಅದೇ ನೀರಿನ ಅಳತೆ ಬೆಳಗಿನ ಜಾವ ಎರಡು ಮಿಲಿಗ್ರಾಂಗೆ ಇಳಿದಿರುತ್ತಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಎ ಯಿಂದ ಇ ವರೆಗೆ ಐದು ದರ್ಜೆಗಳಿವೆ. ಮೀನು ಮತ್ತು ವನ್ಯಜೀವಿಗಳಿಗೆ ಆಗುವ 'ಡಿ' ದರ್ಜೆಗೆ ಕನಿಷ್ಠ ನಾಲ್ಕು ಬೇಕು. ನಾವು ಅದಕ್ಕೂ ಕೆಳಗಿದ್ದೆವು.

ಅಂಕಿ ಕೈಗೆ ಬಂದ ಮೇಲೆ ಕಾಲುವೆಯ ಕಡೆ ತಿರುಗಿದೆವು.

ಬೆಂಗಳೂರಿನ ಕೆರೆಗಳು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರಬೇಕು. ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಅಂತ ಮೂರು ಕಣಿವೆಗಳಲ್ಲಿ ಊರಿನ ಹೆಚ್ಚಿನ ನೀರು ಹೀಗೇ ಸಾಗುತ್ತದೆ. ದೊಡ್ಡ ನದಿ ಇಲ್ಲದ ಊರಿಗೆ ಹಿಂದಿನವರು ಕಟ್ಟಿಕೊಟ್ಟ ವ್ಯವಸ್ಥೆ ಇದು. ನಮ್ಮ ಭಾಗದಲ್ಲಿ ಹುಟ್ಟಿ ಬೆಳೆದ ತಾತ ಒಬ್ಬರು ಕಾಲುವೆಯ ದಾರಿಯನ್ನು ಬಾಯಲ್ಲೇ ಹೇಳಿದರು. ಅವರ ಅಪ್ಪ ಈ ಕೆರೆಗೆ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅಂತ ನೋಡಿಕೊಳ್ಳುತ್ತಿದ್ದವರು. "ಮಳೆಗಾಲ ಬಿಟ್ರೆ ಕಾಲುವೇಲಿ ಮಕ್ಳು ಆಡ್ತಾ ಇದ್ರು ಕಣಮ್ಮ, ಒಣಗಿರ್ತಿತ್ತು" ಅಂದರು ತಾತ. ಈ ಒಂದು ಮಾತು ನಮ್ಮ ಕೆಲಸಕ್ಕೆ ಸೂತ್ರವೇ ಆಯ್ತು. ಮಳೆ ಇಲ್ಲದ ದಿನ ರಾಜಕಾಲುವೆಯಲ್ಲಿ ಹರಿಯುವ ಪ್ರತಿ ಹನಿಗೂ ಒಂದು ಮನೆ, ಒಂದು ಪೈಪು, ಒಂದು ಒಡೆದ ಚೇಂಬರ್ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ.

ಹುಡುಕಿದ್ದು ಹೀಗೆ. ಇಬ್ಬರು ಮೂವರ ತಂಡ ಮಾಡಿಕೊಂಡು ಕಾಲುವೆಯ ಪಕ್ಕದಲ್ಲೇ ಕೆರೆಯಿಂದ ಮೇಲಕ್ಕೆ ನಡೆಯುತ್ತಾ ಹೋದೆವು. ಪೈಪು ಬಂದು ಸೇರುವ ಪ್ರತಿ ಕಡೆ ಫೋಟೋ, ಮ್ಯಾಪಿನಲ್ಲಿ ಗುರುತು, ನೋಟ್‌ಬುಕ್ಕಿನಲ್ಲಿ ಹೊತ್ತು. ಹೊತ್ತೇ ಮುಖ್ಯ. ಬೆಳಗ್ಗೆ ಐದಕ್ಕೆ ತೊಟ್ಟಿಕ್ಕುತ್ತಿದ್ದ ಪೈಪು ಎಂಟಕ್ಕೆ ಭೋರ್ ಅಂತ ಸುರಿದರೆ ಅದು ಮನೆಗಳ ನೀರು. ಜನ ಸ್ನಾನ ಮಾಡಿ, ಪಾತ್ರೆ ತೊಳೆಯುವ ಹೊತ್ತು ಅದು. ಭಾನುವಾರ ಇದೇ ಏರಿಕೆ ತಡವಾಗಿ ಬರುತ್ತದೆ. ನೊರೆ ಇದೆಯಾ, ಬೂದು ಬಣ್ಣವಾ, ಎಣ್ಣೆ ತೇಲುತ್ತಿದೆಯಾ, ಎಲ್ಲ ಬರೆದುಕೊಂಡೆವು. ಶುರುವಿನಲ್ಲಿ ಬೀದಿಯವರು ಅನುಮಾನದಿಂದ ನೋಡಿದರು. ಒತ್ತುವರಿ ಸರ್ವೆಗೆ ಬಂದವರು ಅಂತ ಹೆದರಿದವರೂ ಇದ್ದರು. ಪಕ್ಕದ ಮನೆಯ ಅಕ್ಕ ಒಬ್ಬರು ತಾವೇ ಗೇಟು ತೆಗೆದು "ಇಲ್ಲಿಂದ ನೋಡಿ, ಸರಿಯಾಗಿ ಕಾಣುತ್ತೆ" ಅಂತ ಹಿತ್ತಲಿಗೆ ಕರೆದುಕೊಂಡು ಹೋದರು. ಆ ನಾತದ ಜೊತೆ ಬದುಕುತ್ತಿರುವವರು ಅವರೇ ಅಲ್ವಾ?

ನಾವು ಅಂದುಕೊಂಡಷ್ಟು ಮೂಲಗಳು ಇರಲಿಲ್ಲ. ಹೆಚ್ಚಿನ ಕೊಳಚೆ ಎರಡೇ ಕಡೆಯಿಂದ ಬರುತ್ತಿತ್ತು.

ಒಂದು, ಕಾಲುವೆಯ ಒಳಗೇ ಇದ್ದ ಒಳಚರಂಡಿಯ ಮ್ಯಾನ್‌ಹೋಲ್. ಇಳಿಜಾರು ಸಿಗುತ್ತದೆ ಅಂತ ಈ ಊರಿನಲ್ಲಿ ಯುಜಿಡಿ, ಅಂದ್ರೆ ಒಳಚರಂಡಿ, ಪೈಪುಗಳನ್ನು ಎಷ್ಟೋ ಕಡೆ ರಾಜಕಾಲುವೆಯ ಜೊತೆಜೊತೆಗೇ ಹಾಕಿದ್ದಾರೆ. ಮ್ಯಾನ್‌ಹೋಲ್‌ಗಳು ಕಾಲುವೆಯ ಮಧ್ಯದಲ್ಲೇ ಎದ್ದು ನಿಂತಿರುತ್ತವೆ. ನಮ್ಮದರ ಗೋಡೆ ಪಕ್ಕದಲ್ಲಿ ಒಡೆದಿತ್ತು. ಕೆಳಗೆ ಪೈಪು ಕಟ್ಟಿಕೊಂಡಿದ್ದರಿಂದ ಕೊಳಚೆಯೆಲ್ಲ ಆ ಬಿರುಕಿನಿಂದ ಕಾಲುವೆಗೆ ಬರುತ್ತಿತ್ತು. ರಸ್ತೆಯಲ್ಲಿ ನಿಂತರೆ ಕಾಣುವುದೇ ಇಲ್ಲ.

ಎರಡು, ಒಂದು ಅಪಾರ್ಟ್‌ಮೆಂಟಿನ ಪೈಪು. ಅಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದೆ. ಹಗಲು ನೋಡಿದರೆ ನೀರು ಪರವಾಗಿಲ್ಲ ಅನ್ನುವ ಹಾಗಿತ್ತು. ಬೆಳಗಿನ ಜಾವ ಅದೇ ಪೈಪಿನಲ್ಲಿ ಬೂದು ನೀರು.

ಮ್ಯಾನ್‌ಹೋಲ್ ಕೆಲಸ ಹೆಚ್ಚು ಸಮಯ ತಿಂದಿತು. ದೂರು ಕೊಟ್ಟರೆ ಮೊಬೈಲಿಗೆ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬರುತ್ತಿತ್ತು. ಸ್ಥಳಕ್ಕೆ ಯಾರೂ ಬಂದಿರುತ್ತಿರಲಿಲ್ಲ. ಒಂದು ಕಚೇರಿಯಲ್ಲಿ ಕಾಲುವೆ ನಮ್ಮದಲ್ಲ ಅಂದರು, ಇನ್ನೊಂದರಲ್ಲಿ ಪೈಪು ನಮ್ಮದಲ್ಲ ಅಂದರು. ಬೇಸರ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆದರೂ ನಮ್ಮ ತಂಡದ ನಿವೃತ್ತ ಹಿರಿಯರೊಬ್ಬರು ಪ್ರತಿ ದೂರಿನ ಸಂಖ್ಯೆ, ದಿನಾಂಕ, ಆ ದಿನದ ಫೋಟೋ, ಆ ದಿನದ ಆಮ್ಲಜನಕದ ಅಳತೆ ಎಲ್ಲವನ್ನೂ ಒಂದೇ ಹಾಳೆಗೆ ತಂದರು. ಆ ಹಾಳೆ ಹಿಡಿದು ಎರಡೂ ಕಚೇರಿಗಳ ಎಂಜಿನಿಯರುಗಳನ್ನು ಒಂದೇ ಹೊತ್ತಿಗೆ ಕಾಲುವೆಯ ಹತ್ತಿರ ಬರುವಂತೆ ಕೇಳಿಕೊಂಡೆವು. ಇಬ್ಬರೂ ಬಂದರು. ಎದುರೆದುರು ನಿಂತ ಮೇಲೆ ಅದು ಯಾರ ಕೆಲಸ ಅನ್ನುವುದು ಐದು ನಿಮಿಷದಲ್ಲಿ ಇತ್ಯರ್ಥ ಆಯ್ತು. ಕಿರಿಯ ಎಂಜಿನಿಯರ್ ಒಬ್ಬರು ನಿಜಕ್ಕೂ ಕಾಳಜಿಯಿಂದ ಓಡಾಡಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಕೆಲಸ ಶುರುವಾದ ದಿನ ನಾವು ಒಂದು ವಿಷಯದಲ್ಲಿ ಹಟ ಹಿಡಿದೆವು. ಯಾರನ್ನೂ ಗುಂಡಿಗೆ ಇಳಿಸಕೂಡದು. ಸುರಕ್ಷಾ ಸಾಧನ ಇಲ್ಲದೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ, ಆದರೂ ಸಾವುಗಳು ನಿಂತಿಲ್ಲ. ನೀರು ಚಿಮ್ಮಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಬೇರೆ ಕಡೆ ಇದೆ ಅಂದಾಗ ಕಾಯುತ್ತೇವೆ ಅಂದೆವು. ಇಷ್ಟು ದಿನ ಹರಿದ ಕೊಳಚೆ ಇನ್ನೆರಡು ದಿನ ಹರಿಯಲಿ, ಒಬ್ಬರ ಜೀವದ ಮುಂದೆ ಅದು ದೊಡ್ಡದಲ್ಲ. ಯಂತ್ರ ಬಂತು. ಪೈಪಿನೊಳಗಿಂದ ಬಂದದ್ದು ಬಟ್ಟೆ, ಸ್ಯಾನಿಟರಿ ಪ್ಯಾಡು, ಗಟ್ಟಿಯಾದ ಅಡುಗೆ ಎಣ್ಣೆಯ ಉಂಡೆಗಳು, ಕಟ್ಟಡದ ಜಲ್ಲಿ. ಆ ಫೋಟೋಗಳನ್ನು ಬಡಾವಣೆಯ ಗುಂಪಿನಲ್ಲಿ ಹಾಕಿದೆವು. ಶೌಚಾಲಯಕ್ಕೆ ಏನು ಹಾಕಬಾರದು ಅಂತ ಭಾಷಣ ಮಾಡುವ ಅಗತ್ಯವೇ ಬೀಳಲಿಲ್ಲ.

ಅಪಾರ್ಟ್‌ಮೆಂಟಿನವರ ಹತ್ತಿರ ನಾವು ದೂರು ಹಿಡಿದುಕೊಂಡು ಹೋಗಲಿಲ್ಲ, ಎರಡು ಬಾಟಲಿ ಹಿಡಿದುಕೊಂಡು ಹೋದೆವು. ಒಂದು ಹಗಲಿನದು, ಒಂದು ಬೆಳಗಿನ ಜಾವದ್ದು. ಸಂಘದ ಪದಾಧಿಕಾರಿಗಳಿಗೇ ವಿಷಯ ಗೊತ್ತಿರಲಿಲ್ಲ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುತ್ತಿದ್ದರು ಅಂತ ವಿಚಾರಿಸಿದಾಗ ತಿಳಿಯಿತು. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವುದು ಆ ಬ್ಲೋವರ್. ಅದು ನಿಂತರೆ ಅವು ಸೊರಗುತ್ತವೆ, ಮತ್ತೆ ಚೇತರಿಸಿಕೊಳ್ಳಲು ಹೊತ್ತು ಬೇಕು. ಹೀಗಾಗಿ ಉಳಿಸಿದ ಕರೆಂಟಿನಿಂದ ಇಡೀ ಘಟಕವೇ ದಂಡ. ಈಗ ಅಲ್ಲಿ ಬ್ಲೋವರ್ ಹಗಲು ರಾತ್ರಿ ಓಡುತ್ತದೆ. ಅಲ್ಲಿನ ಇಬ್ಬರು ನಮ್ಮ ತಂಡಕ್ಕೂ ಸೇರಿದ್ದಾರೆ.

ಈ ನಡುವೆ ಸಲಹೆಗಳಿಗೆ ಬರ ಇರಲಿಲ್ಲ. ಬ್ಯಾಕ್ಟೀರಿಯಾ ದ್ರಾವಣ ಸುರಿದರೆ ಕೆರೆ ತಿಳಿಯಾಗುತ್ತದೆ ಅಂತ ಮಾರಲು ಬಂದವರಿದ್ದರು. ಕಾರಂಜಿ ಹಾಕಿಸಿ ಅಂದವರಿದ್ದರು. ಕೊಳಚೆ ಬರುವುದು ನಿಲ್ಲದೆ ಇವೆರಡೂ ದಂಡದ ಖರ್ಚು ಅಂತಲೇ ನನ್ನ ಅಭಿಪ್ರಾಯ. ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಜೊಂಡಿನ ತೇವಭೂಮಿ ಮಾತ್ರ ಬೇರೆ ವಿಷಯ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡಿನ ತೇವಭೂಮಿಯನ್ನು ದಾಟಿ ಕೆರೆ ಸೇರುವ ವ್ಯವಸ್ಥೆ ಮಾಡಿದ್ದಾರೆ. ನಾವು ಅಲ್ಲಿಗೆ ಹೋಗಿ ನೋಡಿ ಬಂದೆವು. ಘಟಕದಲ್ಲಿ ಶುದ್ಧವಾದ ನೀರಿನಲ್ಲೂ ಸಾರಜನಕ, ರಂಜಕ ಉಳಿದಿರುತ್ತವೆ. ಪಾಚಿಗೆ ಅವೇ ಗೊಬ್ಬರ. ಜೊಂಡಿನ ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಸಾರಜನಕವನ್ನು ಗಾಳಿಗೆ ಬಿಡುತ್ತವೆ, ರಂಜಕದ ಒಂದು ಪಾಲು ಹೂಳಿನ ಜೊತೆ ಅಲ್ಲೇ ತಳ ಸೇರುತ್ತದೆ. ಕೆರೆಯಲ್ಲಿ ಮಣ್ಣು ಅಗೆಯಲು ನಮಗೆ ಅಧಿಕಾರ ಇಲ್ಲ, ಅದು ಸರ್ಕಾರದ ಆಸ್ತಿ. ಅನುಮತಿ ಪಡೆದು, ಅವರ ಯಂತ್ರದಲ್ಲೇ ಕಾಲುವೆ ಸೇರುವ ಜಾಗದಲ್ಲಿ ಒಂದು ಹೂಳು ಗುಂಡಿ ಮತ್ತು ಆಳವಿಲ್ಲದ ಪಟ್ಟಿ ಮಾಡಿಸಿದೆವು. ಜೊಂಡು, ಲಾವಂಚ ನೆಟ್ಟಿದ್ದು ನಾವು. ಕಸ ತಡೆಯಲು ಕಾಲುವೆಗೆ ಕಬ್ಬಿಣದ ಜಾಲರಿಯೂ ಬಂತು. ಮಳೆ ಬಂದ ರಾತ್ರಿಯೇ ಅದಕ್ಕೆ ಸಿಕ್ಕಿದ ಕಸವನ್ನು ಯಾರಾದರೂ ಬಿಡಿಸಬೇಕು, ಇಲ್ಲದಿದ್ದರೆ ನೀರು ಕಟ್ಟಿಕೊಂಡು ಮೇಲಿನ ಮನೆಗಳಿಗೆ ನುಗ್ಗುತ್ತದೆ. ಅದಕ್ಕೊಂದು ಸರದಿ ಪಟ್ಟಿ ಇದೆ.

ನೆಟ್ಟರಷ್ಟೇ ಸಾಲದು, ಕೊಯ್ಯಬೇಕು. ಗಿಡ ಕುಡಿದ ಗೊಬ್ಬರ ಗಿಡ ಕೊಳೆತರೆ ಮತ್ತೆ ನೀರಿಗೇ ವಾಪಸ್. ನೀರ ಮೇಲೆ ಹಬ್ಬುವ ಕಳೆಯನ್ನೂ ಕಿತ್ತು ದಡದಲ್ಲಿ ರಾಶಿ ಹಾಕಿದರೆ ಮಳೆಗೆ ರಸ ಇಳಿದು ಕೆರೆಗೇ ಹೋಗುತ್ತದೆ. ದೂರ ಸಾಗಿಸಬೇಕು. ಈ ಕೆಲಸದಲ್ಲಿ ನಮಗಿಂತ ಹೆಚ್ಚು ಉಪಕಾರ ಮಾಡುತ್ತಿರುವವರು ಹಸುಗಳಿಗೆ ದಿನಾ ಹುಲ್ಲು ಕೊಯ್ಯಲು ಬರುವವರು. ಕೆರೆಗೆ ಬೇಲಿ ಹಾಕಿ ಇಂಥವರನ್ನು ಹೊರಗಿಡಬೇಕು ಅನ್ನುವ ಮಾತು ಬಂದಾಗ ನಾನು ಗಟ್ಟಿಯಾಗಿ ಬೇಡ ಅಂದೆ. ವಾಕಿಂಗ್ ಮಾಡುವ ನಮಗಿಂತ ಮುಂಚಿನಿಂದ ಈ ಕೆರೆಯನ್ನು ಬಲ್ಲವರು ಅವರು.

ಅನ್ನ, ಬ್ರೆಡ್ ತಂದು ಮೀನಿಗೆ ಹಾಕುವವರನ್ನು ಒಪ್ಪಿಸುವುದು ಇನ್ನೂ ನಡೆದಿದೆ. ಪುಣ್ಯ ಅಂತ ಹಾಕುತ್ತಾರೆ, ಗದರಿದರೆ ಕೆಲಸ ಆಗಲ್ಲ. ಗಣೇಶನ ಹಬ್ಬಕ್ಕೆ ಬೇರೆಯೇ ತೊಟ್ಟಿ ಇಟ್ಟೆವು. ಬಣ್ಣವಿಲ್ಲದ ಮಣ್ಣಿನ ಗಣೇಶ ಅಲ್ಲೇ ಕರಗಿದ, ಆ ಮಣ್ಣು ಗಿಡಗಳಿಗೆ ಹೋಯ್ತು.

ಈಗ ಬೆಳಗಿನ ಜಾವದ ಅಳತೆ ಹೆಚ್ಚಿನ ದಿನ ನಾಲ್ಕರ ಮೇಲಿರುತ್ತದೆ. ಕಪ್ಪು ಬಿಳಿ ತಟ್ಟೆ ಮೊಣಕೈ ಆಳದವರೆಗೂ ಕಾಣುತ್ತದೆ. ಈ ವರ್ಷದ ಮೊದಲ ಮಳೆಗೆ ಮೀನುಗಳು ಮೇಲೆ ಬಂದವು, ಆದರೆ ಸಾಯಲಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಸ್ವಲ್ಪ ಇಳಿಯಿತು. ಅದನ್ನು ಕಂಡು ಕೆಲವರು ಕೆರೆ ಬತ್ತುತ್ತಿದೆ ಅಂತ ಗಾಬರಿಯಾದರು. ಬೇಸಿಗೆಯಲ್ಲಿ ಇಳಿಯುವುದೇ ಕೆರೆಯ ಸಹಜ ಸ್ವಭಾವ. ಅಂಚಿನ ಕೆಸರಿನಲ್ಲಿ ಕೊಳದ ಬಕಗಳು ಮೇಯಲು ಜಾಗವಾಯ್ತು.

ಪೂರ್ವದ ಸಣ್ಣ ಕಾಲುವೆ ಉಳಿದಿದೆ. ಅದರ ಮೇಲ್ಭಾಗದ ಬೀದಿಗಳಿಗೆ ಯುಜಿಡಿ ಸಂಪರ್ಕವೇ ಇಲ್ಲ. ಮನೆಗಳಿಗೆ ಶೌಚದ ಗುಂಡಿ (ಪಿಟ್) ಇದೆ, ತುಂಬಿದಾಗ ಲಾರಿ ಬರುತ್ತದೆ. ಲಾರಿಗೆ ದುಡ್ಡಿಲ್ಲದ ತಿಂಗಳು ನೀರು ಕಾಲುವೆಗೆ. ಅಲ್ಲಿಗೆ ಮಾತಾಡಲು ಹೋದಾಗ ಒಬ್ಬ ತಾಯಿ ನೇರವಾಗಿ ಕೇಳಿದರು. "ನಮಗೆ ಲೈನ್ ಕೊಡಿಸ್ತೀರಾ, ಇಲ್ಲಾ ಕಾಲುವೆಗೆ ಬಿಡಬೇಡಿ ಅಂತ ಹೇಳೋಕೆ ಬಂದಿದ್ದೀರಾ?" ನ್ಯಾಯವಾದ ಪ್ರಶ್ನೆ. ಹಾಗಾಗಿ ಈಗ ಅರ್ಜಿ ಹೋಗುತ್ತಿರುವುದು ಆ ಬೀದಿಯವರ ಹೆಸರಲ್ಲಿ, ಒಳಚರಂಡಿ ಸಂಪರ್ಕಕ್ಕಾಗಿ. ಅದರ ಹಿಂದೆ ನಮ್ಮ ನೋಟ್‌ಬುಕ್ಕಿನ ಹಾಳೆಗಳನ್ನು ಲಗತ್ತಿಸುತ್ತಿದ್ದೇವೆ. ಮುಂದಿನ ಭಾನುವಾರದ ನಡಿಗೆ ಆ ಕಾಲುವೆಯ ಪಕ್ಕದಲ್ಲಿ. ಈ ಸಲ ಅಳತೆಯ ಬಾಟಲಿ ಹಿಡಿಯುವವರು ಆ ಬೀದಿಯ ಹುಡುಗಿಯರು.